ಮುಂದಿನ ಸಾಂಕ್ರಾಮಿಕ ಬಂದರೆ ಹಾಸಿಗೆ ಹಿಡಿದವರನ್ನು, ಅವರನ್ನು ನೋಡಿಕೊಳ್ಳುವವರನ್ನು ಕಾಪಾಡುವುದು ಹೇಗೆ? ಕೊಡಗಿನವರು ಹೇಳಿ

ಸಿಸ್ಟರ್_ವಿರಾಜಪೇಟೆ

ಎಲ್ಲರಿಗೂ ನಮಸ್ಕಾರ. ನಾನು ದಕ್ಷಿಣ ಕೊಡಗಿನ ಒಂದು ಸಣ್ಣ ಪ್ಯಾಲಿಯೇಟಿವ್ (ನೋವು ನರಳಾಟ ತಗ್ಗಿಸುವ ಆರೈಕೆ) ತಂಡದಲ್ಲಿ ನರ್ಸ್. ವಾಸಿಯಾಗುವ ಹಂತ ದಾಟಿದ ಕ್ಯಾನ್ಸರ್ ರೋಗಿಗಳು, ಕಿಡ್ನಿ ಹೋದವರು, ಲಕ್ವ ಹೊಡೆದು ವರ್ಷಗಟ್ಟಲೆ ಮಲಗಿದವರು, ಇಂಥವರ ಮನೆಗೆ ಹೋಗಿ ನೋಡಿಕೊಳ್ಳುವುದು ನಮ್ಮ ಕೆಲಸ. ಬೆಂಗಳೂರಿನ ಕರುಣಾಶ್ರಯದಂಥ ಹಾಸ್ಪಿಸ್‌ನಲ್ಲಿ ಒಂದೇ ಸೂರಿನಡಿ ಸಿಗುವ ಆರೈಕೆಯನ್ನು ನಾವು ತೋಟ, ಹಾಡಿ (ಬುಡಕಟ್ಟಿನವರ ಕೇರಿ), ಲೈನ್‌ಮನೆ (ತೋಟದ ಕಾರ್ಮಿಕರ ಸಾಲುಮನೆ) ಅಂತ ಸುತ್ತಿಕೊಂಡು ಮಾಡುತ್ತೇವೆ ಅನ್ನಿ.

ಕೋವಿಡ್ ಮುಗಿಯಿತು, ಎಲ್ಲರೂ ಮರೆತರು. ನಾವು ಮಾತ್ರ ಈಗ ಕೂತು ಒಂದು ಯೋಜನೆ ಬರೆಯುತ್ತಿದ್ದೇವೆ. ಮತ್ತೆ ಅಂಥದ್ದೇ ಬಂದರೆ, ಅದೂ ಮಳೆಗಾಲದಲ್ಲಿ ಬಂದರೆ, ಏನು ಮಾಡುವುದು? ಸರ್ಕಾರದ ಸುತ್ತೋಲೆಗಳು ಬೇಕಾದಷ್ಟಿವೆ. ಪಿಪಿಇ, ಅಂದರೆ ಗೌನ್ ಗ್ಲೌಸ್ ಮಾಸ್ಕಿನ ರಕ್ಷಣಾ ಕಿಟ್, ಹಾಕಿಕೊಳ್ಳಲು ಒಂದು ಕೋಣೆ, ಬಿಚ್ಚಲು ಇನ್ನೊಂದು ಕೋಣೆ ಅಂತೆಲ್ಲ ಇರುತ್ತದೆ. ನಮಗಿರುವ ಕೋಣೆ ಅಂದರೆ ಸ್ಕೂಟರ್ ಸೀಟಿನ ಕೆಳಗಿನ ಜಾಗ.

2020–21ರಲ್ಲಿ ಈ ಕೆಲಸ ಮಾಡಿದವರು, ಮನೆಯಲ್ಲಿ ರೋಗಿಯನ್ನು ಇಟ್ಟುಕೊಂಡು ಒದ್ದಾಡಿದವರು, ಏನು ಉಪಯೋಗಕ್ಕೆ ಬಂತು, ಏನು ಬರಲಿಲ್ಲ ಹೇಳಿ. ‘ಧೈರ್ಯವಾಗಿರಿ’ ಅನ್ನುವುದೊಂದು ಬಿಟ್ಟು. ಅದನ್ನು ಬೇಕಾದಷ್ಟು ಕೇಳಿದ್ದೇವೆ.

ತೋಟದಮನೆ_ಸಿದ್ದಾಪುರ

ಸಿಸ್ಟರ್, ಒಂದು ಪ್ರಶ್ನೆ. ಹೇಗೂ ಉಳಿಯುವುದಿಲ್ಲ ಅಂತ ಗೊತ್ತಿರುವ ರೋಗಿಗೆ ಮಾಸ್ಕು, ಕಿಟ್ಟು, ಲಸಿಕೆ ಅಂತ ಇಷ್ಟೆಲ್ಲ ಯಾಕೆ ಅಂತ ಆಗ ನಮ್ಮೂರಲ್ಲೇ ಕೆಲವರು ಕೇಳಿದ್ದರು. ಒರಟಾಗಿ ಕೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ನಾಳೆ ಯೋಜನೆಗೆ ದುಡ್ಡು ಕೇಳಲು ಹೋದರೆ ಮೊದಲು ಎದುರಾಗುವುದು ಇದೇ ಪ್ರಶ್ನೆ.

ಸಿಸ್ಟರ್_ವಿರಾಜಪೇಟೆ

ಕೇಳಿದ್ದು ಒಳ್ಳೆಯದಾಯಿತು ಅಣ್ಣ. ಆರು ತಿಂಗಳು ಇರುವವರು ಆ ಆರು ತಿಂಗಳನ್ನು ನೆಮ್ಮದಿಯಾಗಿ ಕಳೆಯಬೇಕು ತಾನೆ? ಗುರುತು ಪರಿಚಯ ಇಲ್ಲದ ವಾರ್ಡಿನಲ್ಲಿ ಉಸಿರು ಕಟ್ಟಿ ಹೋಗುವುದೂ, ಮನೆಯಲ್ಲಿ ನೋವಿಲ್ಲದೆ ಹೋಗುವುದೂ ಒಂದೇ ಅಲ್ಲ.

ಇನ್ನೊಂದು ಲೆಕ್ಕವೂ ಇದೆ. ನಾವು ಒಂದು ದಿನಕ್ಕೆ ನಾಲ್ಕೈದು ಮನೆ ಹತ್ತಿ ಇಳಿಯುತ್ತೇವೆ. ಎಲ್ಲಾ ಮನೆಯಲ್ಲೂ ಕೀಮೋ ಆದವರು, ಸ್ಟಿರಾಯ್ಡ್ ಮಾತ್ರೆಯ ಮೇಲಿರುವವರು. ನನಗೆ ಸೋಂಕು ತಗುಲಿದರೆ ಗೊತ್ತಾಗುವಷ್ಟರಲ್ಲಿ ಅಷ್ಟೂ ಮನೆಗೆ ಹಂಚಿ ಆಗಿರುತ್ತದೆ. ಅವರ ಮೈಯಲ್ಲಿ ಪ್ರತಿರೋಧ ಇಲ್ಲದ್ದರಿಂದ ವೈರಸ್ ಹತ್ತು ದಿನಕ್ಕೆ ಬಿಡದೆ ವಾರಗಟ್ಟಲೆ ಉಳಿಯುವುದೂ ಉಂಟು. ಅಲ್ಲಿಂದ ಅವರ ಸೊಸೆಗೆ, ಸೊಸೆಯಿಂದ ಲೈನಿಗೆ. ರೋಗಿಯನ್ನು ಕಾಪಾಡುವುದು, ಸಿಬ್ಬಂದಿಯನ್ನು ಕಾಪಾಡುವುದು ಅಂತ ಎರಡು ಕೆಲಸ ಇಲ್ಲ. ಒಂದು ಬಿಟ್ಟರೆ ಇನ್ನೊಂದು ತಾನಾಗಿ ಬಿಟ್ಟುಹೋಗುತ್ತದೆ.

ಆಶಾ_ಪೊನ್ನಂಪೇಟೆ

ನಾನು ಆಶಾ ಕಾರ್ಯಕರ್ತೆ. ಯೋಜನೆಯಲ್ಲಿ ಮೊದಲ ಸಾಲು ದುಡ್ಡಿನದ್ದೇ ಇರಲಿ ಅಕ್ಕ. 2020ರ ಜುಲೈನಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಕೆಲಸ ನಿಲ್ಲಿಸಿ ಕೂತಿದ್ದು ಯಾಕೆ? ತಿಂಗಳಿಗೆ 12,000 ರೂಪಾಯಿ ಕೊಡಿ, ಸರಿಯಾದ ಮಾಸ್ಕ್ ಮತ್ತು ರಕ್ಷಣೆಯ ಸಾಮಾನು ಕೊಡಿ ಅಂತ. ‘ಕೊರೊನಾ ವಾರಿಯರ್’ ಅಂತ ಹೂ ಎರಚಿದವರು ಒಂದು ಎನ್95 ಕೇಳಿದರೆ ತಿರುಗಿ ನೋಡುತ್ತಿರಲಿಲ್ಲ.

ಇನ್ನೊಂದು. ಜ್ವರ ಬಂದರೆ ರಜೆ ಹಾಕಿ ಮನೆಯಲ್ಲಿರಿ ಅನ್ನುತ್ತಾರೆ. ದಿನಗೂಲಿ ಆಯಾ ರಜೆ ಹಾಕಿದರೆ ಅವಳ ಒಲೆ ಉರಿಯುವುದು ಹೇಗೆ? ಸಂಬಳ ಸಮೇತ ರಜೆ ಇಲ್ಲದಿದ್ದರೆ ಜನ ಜ್ವರ ಮುಚ್ಚಿಟ್ಟು ಕೆಲಸಕ್ಕೆ ಬರುತ್ತಾರೆ. ಬೈದು ಪ್ರಯೋಜನವಿಲ್ಲ.

ಸೋಮವಾರಪೇಟೆ_72

ಇಷ್ಟೆಲ್ಲ ಯಾಕೆ? ಕಾಳುಮೆಣಸು, ಶುಂಠಿ, ಅರಿಶಿನ ಹಾಕಿ ಕಷಾಯ ಕುಡಿದರೆ ಸಾಕು. ನಮ್ಮ ಮನೆಯಲ್ಲಿ ಯಾರಿಗೂ ಬರಲಿಲ್ಲ.

ನಿವೃತ್ತ_ಡಾಕ್ಟರ್_ಮಡಿಕೇರಿ

ಕಷಾಯ ಕುಡಿಯಿರಿ, ಗಂಟಲಿಗೆ ಹಿತ. ಬಾಯಿ ಹುಣ್ಣಾದ ಕ್ಯಾನ್ಸರ್ ರೋಗಿಗೆ ಮಾತ್ರ ಖಾರದ್ದು ಕೊಡಬೇಡಿ, ಕಣ್ಣಲ್ಲಿ ನೀರು ಬರುತ್ತದೆ. ಅದರಿಂದ ಸೋಂಕು ತಡೆಯಲು ಆಗುವುದಿಲ್ಲ.

ಸಿಸ್ಟರ್ ಕೇಳಿದ್ದಕ್ಕೆ ಬರುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

ಪಿಪಿಇ ಬಿಚ್ಚುವಾಗಲೇ ಸೋಂಕು ತಗಲುವುದು ಜಾಸ್ತಿ, ಹಾಕುವಾಗ ಅಲ್ಲ. ಮನೆಗೆ ಹೋಗುವವರು ಬಿಚ್ಚುವ ಜಾಗವನ್ನು ಮೊದಲೇ ಗೊತ್ತು ಮಾಡಿಕೊಳ್ಳಬೇಕು. ಜಗಲಿ ಅಥವಾ ಕಾರ್ ಶೆಡ್, ಗಾಳಿ ಆಡುವಲ್ಲಿ. ಮೊದಲು ಗ್ಲೌಸ್, ಆಮೇಲೆ ಕನ್ನಡಕ ಅಥವಾ ಶೀಲ್ಡ್, ಆಮೇಲೆ ಗೌನ್, ಮಾಸ್ಕ್ ಕೊನೆಗೆ. ನಡುನಡುವೆ ಕೈಗೆ ಸ್ಯಾನಿಟೈಸರ್. ಮಾಸ್ಕನ್ನು ದಾರ ಹಿಡಿದೇ ತೆಗೆಯಬೇಕು. ಎಲ್ಲಾ ಮನೆಗೂ ಪೂರ್ತಿ ಕಿಟ್ ಬೇಕಾಗಿಲ್ಲ. ಸೋಂಕಿನ ಲಕ್ಷಣ ಇಲ್ಲದ ಮನೆಗೆ ಒಳ್ಳೆಯ ಮಾಸ್ಕ್, ಕೈ ತೊಳೆಯುವುದು, ತೆರೆದ ಕಿಟಕಿ ಇದ್ದರೆ ಸಾಕು. ಕಿಟ್ಟನ್ನು ಸೋಂಕಿರುವ ಮನೆಗೆ ಇಟ್ಟುಕೊಳ್ಳಿ. ಆ ಮನೆಗೆ ದಿನದ ಕೊನೆಯಲ್ಲಿ ಹೋಗಿ.

ಎನ್95 ಅಭಾವ ಇದ್ದಾಗ ಐದು ಮಾಸ್ಕ್ ಇಟ್ಟುಕೊಂಡು, ಒಂದೊಂದನ್ನು ಕಾಗದದ ಕವರಿನಲ್ಲಿ ಒಣಗಲು ಬಿಟ್ಟು, ಸರದಿ ಪ್ರಕಾರ ಹಾಕಿಕೊಳ್ಳಿ ಅಂತ ಹೇಳಿದ್ದರು. ದೆಹಲಿಗೆ ಅದು ಸರಿ. ಜುಲೈ ತಿಂಗಳ ಮಡಿಕೇರಿಯಲ್ಲಿ ಕಾಗದದ ಕವರೇ ಮೆತ್ತಗಾಗುತ್ತದೆ, ಮಾಸ್ಕ್ ಎಲ್ಲಿ ಒಣಗಬೇಕು! ಒದ್ದೆಯಾದ ಮಾಸ್ಕ್ ಕೆಲಸ ಮಾಡುವುದಿಲ್ಲ. ಒಲೆ ಮೇಲೆ ಹಿಡಿದು ಒಣಗಿಸಬೇಡಿ, ಸೋಪಿನಲ್ಲಿ ತೊಳೆಯಬೇಡಿ. ನಮ್ಮ ಜಿಲ್ಲೆಗೆ ಮಳೆಗಾಲದ ದಾಸ್ತಾನು ಜಾಸ್ತಿಯೇ ಬೇಕು ಅಂತ ಯೋಜನೆಯಲ್ಲಿ ಬರೆಯಿರಿ.

ರಕ್ತದ ಆಮ್ಲಜನಕ ನೋಡಲು ಬೆರಳಿಗೆ ಹಾಕುವ ಆಕ್ಸಿಮೀಟರ್ ಬಗ್ಗೆ ಒಂದು ಮಾತು. ಕೈ ತಣ್ಣಗಿದ್ದರೆ ಅದು ತಪ್ಪು ತೋರಿಸುತ್ತದೆ. ಉಗುರು ಬಣ್ಣ ಇದ್ದರೂ ಅಷ್ಟೇ. ಇಲ್ಲಿನ ಚಳಿಯಲ್ಲಿ ಅಜ್ಜಿಯ ಬೆರಳಿಗೆ ಹಾಕಿ 86 ಅಂತ ನೋಡಿ, ಹೆದರಿ ಆಂಬುಲೆನ್ಸ್ ಕರೆದವರನ್ನು ಕಂಡಿದ್ದೇನೆ. ಕೈ ಉಜ್ಜಿ ಬೆಚ್ಚಗೆ ಮಾಡಿ, ಇನ್ನೊಂದು ಬೆರಳಿಗೆ ಹಾಕಿ, ಒಂದು ನಿಮಿಷ ಕಾಯಿರಿ.

ಉಸಿರಾಟದ ತೊಂದರೆಗೆ ನಾವು ಪ್ಯಾಲಿಯೇಟಿವ್‌ನಲ್ಲಿ ಮುಖಕ್ಕೆ ಸಣ್ಣ ಫ್ಯಾನಿನ ಗಾಳಿ ಹಿಡಿಯುತ್ತೇವೆ. ನಿಜಕ್ಕೂ ಹಿತವಾಗುತ್ತದೆ. ಆದರೆ ಕೋವಿಡ್ ರೋಗಿಗೆ ಹಾಗೆ ಮಾಡಬೇಡಿ, ಸೋಂಕು ಕೋಣೆಯೆಲ್ಲ ಹರಡುತ್ತದೆ ಅಂತ ಚಿಕಿತ್ಸೆಯ ಮಾರ್ಗಸೂಚಿ ಬರೆಯುವ ಬ್ರಿಟನ್ನಿನ ನೈಸ್ (NICE) ಸಂಸ್ಥೆ 2020ರ ಏಪ್ರಿಲ್‌ನಲ್ಲೇ ಹೇಳಿತು. ಬದಲಿಗೆ ಎತ್ತರ ದಿಂಬು, ಮುಂದಕ್ಕೆ ಬಾಗಿ ಕೂರಿಸುವುದು, ಮುಖಕ್ಕೆ ತಣ್ಣನೆ ಬಟ್ಟೆ, ಸ್ವಲ್ಪ ತೆರೆದ ಕಿಟಕಿ, ಸಣ್ಣ ಪ್ರಮಾಣದಲ್ಲಿ ಮಾರ್ಫಿನ್.

ಮೆಡಿಕಲ್‌ಶಾಪ್_ಕುಶಾಲನಗರ

ಡಾಕ್ಟರ್ ಸರ್ ಮಾರ್ಫಿನ್ ಅಂದರು. ನನ್ನ ಪ್ರಕಾರ ಇಡೀ ಚರ್ಚೆಯಲ್ಲಿ ಗಂಟು ಇರುವುದು ಇಲ್ಲೇ.

ಅದು ನಮ್ಮಂಥ ಮಾಮೂಲಿ ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಸಿಗುವ ಮಾತ್ರೆ ಅಲ್ಲ. 2014ರಲ್ಲಿ ಎನ್‌ಡಿಪಿಎಸ್ ಕಾಯ್ದೆ (ಮಾದಕ ವಸ್ತುಗಳ ನಿಯಂತ್ರಣ ಕಾಯ್ದೆ) ತಿದ್ದುಪಡಿ ಮಾಡಿ, ಮೊದಲು ಬೇಕಾಗಿದ್ದ ಹಲವು ಲೈಸೆನ್ಸ್ ಬದಲು ರಾಜ್ಯದ ಔಷಧ ನಿಯಂತ್ರಕರ ಅನುಮೋದನೆ ಒಂದೇ ಸಾಕು ಅಂತ ಮಾಡಿದರು. ಒಳ್ಳೆಯದೇ. ಆದರೆ ಅನುಮೋದನೆ ಇರುವ ಸಂಸ್ಥೆಗಳು ಹೆಚ್ಚಿನವು ಊರಾಚೆ, ಮೈಸೂರು ಮಂಗಳೂರು ಕಡೆ. ದಕ್ಷಿಣ ಕೊಡಗಿನ ಎಷ್ಟೋ ಜನ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್‌ಗೆ ಹೋಗುತ್ತಾರೆ. ಲಾಕ್‌ಡೌನ್ ಆದ ಕೂಡಲೇ ಕೇರಳಕ್ಕೆ ಹೋಗುವ ಮಾಕುಟ್ಟ ರಸ್ತೆಗೆ ಮಣ್ಣು ಸುರಿದು ಮುಚ್ಚಿದರು. ಅಲ್ಲಿಗೆ ಆ ದಾರಿ ಬಂದ್.

2020ರ ಮಾರ್ಚ್ 25ಕ್ಕೆ ಟೆಲಿಮೆಡಿಸಿನ್ ನಿಯಮ ಬಂತು. ವಿಡಿಯೊದಲ್ಲಿ ಡಾಕ್ಟರ್ ನೋಡಿ ಔಷಧಿ ಬರೆಯಬಹುದು. ಎಲ್ಲರೂ ಖುಷಿ ಪಟ್ಟರು. ಆದರೆ ಎನ್‌ಡಿಪಿಎಸ್ ಪಟ್ಟಿಯ ಔಷಧಿಗಳನ್ನು ಹಾಗೆ ಬರೆಯುವಂತಿಲ್ಲ ಅಂತ ಅದೇ ನಿಯಮದಲ್ಲಿದೆ. ಅಂದರೆ ಜ್ವರದ ಮಾತ್ರೆ ಫೋನಿನಲ್ಲಿ ಸಿಗುತ್ತದೆ, ಕ್ಯಾನ್ಸರ್ ನೋವಿನ ಮಾತ್ರೆ ಸಿಗುವುದಿಲ್ಲ. ಯಾರಾದರೂ ಹೋಗಿ ಕೈಯಲ್ಲಿ ತರಲೇಬೇಕು.

ತುಂಬಾ ದಿನ ತೆಗೆದುಕೊಂಡವರಿಗೆ ಮಾರ್ಫಿನ್ ಒಮ್ಮೆಲೇ ನಿಂತರೆ ನೋವೂ ವಾಪಸ್, ಜೊತೆಗೆ ಬೆವರು, ನಡುಕ, ವಾಂತಿ. ಆ ವಾರಗಳಲ್ಲಿ ಅಂಗಡಿ ಮುಂದೆ ನಿಂತು ‘ಏನಾದ್ರೂ ಬೇರೆ ಕೊಡಿ’ ಅಂತ ಕೇಳಿದವರ ಮುಖ ನೆನಪಿದೆ. ಕೊಡಲು ಏನೂ ಇರಲಿಲ್ಲ.

ಸಿಸ್ಟರ್_ವಿರಾಜಪೇಟೆ

ಸರ್, ಇದನ್ನು ಹಾಗೇ ಬರೆದುಕೊಂಡೆ. ಜಿಲ್ಲೆಯೊಳಗೇ ಅನುಮೋದನೆ ಪಡೆದ ಒಂದು ಜಾಗದಲ್ಲಿ ದಾಸ್ತಾನು, ಅದನ್ನು ಮನೆಗೆ ಒಯ್ಯಲು ಹೆಸರು ಹಾಕಿದ ಪಾಸ್ ಇರುವ ಇಬ್ಬರು. ಪಾಸ್ ವಿಷಯ ತಹಶೀಲ್ದಾರರ ಹತ್ತಿರ ಮೊದಲೇ ಮಾತಾಡಬೇಕು. ಲಾಕ್‌ಡೌನ್ ಆದಮೇಲೆ ಚೆಕ್‌ಪೋಸ್ಟಿನಲ್ಲಿ ನಿಂತು ‘ಪ್ಯಾಲಿಯೇಟಿವ್’ ಅಂದರೆ ಏನು ಅಂತ ಪೊಲೀಸರಿಗೆ ಪಾಠ ಮಾಡಲು ಆಗುವುದಿಲ್ಲ.

ಮಾರ್ಫಿನ್‌ನಿಂದ ಮಲಬದ್ಧತೆ ಆಗುತ್ತದೆ, ಜೊತೆಗೆ ಅದರ ಔಷಧಿಯೂ ಹೋಗಬೇಕು. ಅದು ಬಿಟ್ಟುಹೋಗಿ ಜನ ಮಾತ್ರೆಯನ್ನೇ ನಿಲ್ಲಿಸುತ್ತಾರೆ.

ತೋಟದಮನೆ_ಸಿದ್ದಾಪುರ

ಆಕ್ಸಿಜನ್ ವಿಷಯ ಯಾರೂ ಎತ್ತಲಿಲ್ಲ. 2021ರ ಎರಡನೇ ಅಲೆಯಲ್ಲಿ ನಮ್ಮ ಕಡೆ ಕೆಲವರು ಕಾನ್ಸಂಟ್ರೇಟರ್ (ಕರೆಂಟಿನಲ್ಲಿ ಗಾಳಿಯಿಂದ ಆಕ್ಸಿಜನ್ ತೆಗೆಯುವ ಮಿಷನ್) ತರಿಸಿದರು. ಮಳೆ ಶುರುವಾಗಿ ಮರ ಬಿದ್ದು ಕರೆಂಟು ಹೋದರೆ ಎರಡು ದಿನ ಬರುವುದಿಲ್ಲ. ಮಿಷನ್ ಸುಮ್ನೆ ಮೂಲೆಯಲ್ಲಿ ಕೂತಿತ್ತು.

ನಿವೃತ್ತ_ಡಾಕ್ಟರ್_ಮಡಿಕೇರಿ

ಐದು ಲೀಟರಿನ ಕಾನ್ಸಂಟ್ರೇಟರ್ 300 ವ್ಯಾಟ್ ಮೇಲೆ ಎಳೆಯುತ್ತದೆ. ಮನೆಯ ಇನ್ವರ್ಟರ್ ಕೆಲವೇ ಗಂಟೆ ತಡೆಯುತ್ತದೆ. ಅದಕ್ಕೇ ಪಕ್ಕದಲ್ಲಿ ಒಂದು ಸಿಲಿಂಡರ್ ಇರಬೇಕು. ಬಿ ಟೈಪ್ ಸಿಲಿಂಡರಿನಲ್ಲಿ ಸುಮಾರು 1,500 ಲೀಟರ್ ಇರುತ್ತದೆ. ನಿಮಿಷಕ್ಕೆ 2 ಲೀಟರ್ ಅಂದರೆ 12 ಗಂಟೆ ಚಿಲ್ಲರೆ. ದೊಡ್ಡ ಜಂಬೋ 7,000 ಲೀಟರಿನದ್ದು, ಎರಡು ದಿನ ದಾಟುತ್ತದೆ. ಆದರೆ ಅದನ್ನು ತೋಟದ ಇಳಿಜಾರಿನಲ್ಲಿ ಹೊರುವವರು ಬೇಕು.

ಒಲೆ! ನಮ್ಮಲ್ಲಿ ಮಳೆಗಾಲದಲ್ಲಿ ವಯಸ್ಸಾದವರು ಒಲೆ ಪಕ್ಕವೇ ಇರುವುದು. ಆಕ್ಸಿಜನ್ ಹಚ್ಚಿದವರನ್ನು ಸೌದೆ ಒಲೆ, ಬೆಂಕಿ ಕೆಂಡದ ಹತ್ತಿರ ಕೂರಿಸಬೇಡಿ. ಬೀಡಿಯೂ ಬೇಡ. ಕಂಬಳಿ ಹೊದ್ದು, ಮೂಗಿಗೆ ನಳಿಗೆ ಹಾಕಿಕೊಂಡು ಬೆಂಕಿ ಕಾಯಿಸುತ್ತಾ ಕೂತಿದ್ದ ಒಬ್ಬ ಅಜ್ಜನನ್ನು ನೋಡಿ ನನ್ನ ಜೀವ ಬಾಯಿಗೆ ಬಂದಿತ್ತು. ಮನೆಯವರಿಗೆ ಯಾರೂ ಹೇಳಿರಲಿಲ್ಲ.

ಇನ್ನೂ ಒಂದು. ಏದುಸಿರು ಬಂದವರಿಗೆಲ್ಲ ಆಕ್ಸಿಜನ್ ಬೇಕಾಗಿಲ್ಲ. ರಕ್ತದಲ್ಲಿ ಆಮ್ಲಜನಕ ಸರಿಯಾಗೇ ಇದ್ದು ಉಸಿರು ಕಟ್ಟಿದಂತೆ ಆಗುವ ರೋಗಿಗಳಿದ್ದಾರೆ. ಅವರಿಗೆ ಬೇಕಾದ್ದು ಔಷಧಿ, ಪಕ್ಕದಲ್ಲಿ ಒಬ್ಬರು.

ಬೆಂಗಳೂರಲ್ಲಿರೋ_ಮಗ

‘ಪಕ್ಕದಲ್ಲಿ ಒಬ್ಬರು’. ಅಲ್ಲೇ ಇರುವುದು ನನ್ನ ಸಿಟ್ಟು.

2021ರ ಮೇ ತಿಂಗಳಲ್ಲಿ ಅಮ್ಮನನ್ನು ಒಂದು ಆಸ್ಪತ್ರೆಗೆ ಸೇರಿಸಿದೆವು. ಸ್ತನ ಕ್ಯಾನ್ಸರ್, ಮೂಳೆಗೆ ಹರಡಿತ್ತು. ಕೋವಿಡ್ ಇರಲಿಲ್ಲ, ಟೆಸ್ಟ್ ನೆಗೆಟಿವ್. ಆದರೂ ಒಳಗೆ ಬಿಡಲಿಲ್ಲ. ಗೇಟಿನಲ್ಲಿ ಸೆಕ್ಯುರಿಟಿ ಹತ್ತಿರ ಊಟದ ಡಬ್ಬಿ ಕೊಟ್ಟು ಬರುವುದು. ಅವರಿಗೆ ಕಿವಿ ಮಂದ, ಫೋನಿನಲ್ಲಿ ಕೇಳಿಸುತ್ತಿರಲಿಲ್ಲ. ನಾವೆಲ್ಲ ಬಿಟ್ಟು ಹೋಗಿದ್ದೇವೆ ಅಂತಲೇ ಅವರು ಅಂದುಕೊಂಡಿದ್ದರು. ಆಮೇಲೆ ಒಬ್ಬ ನರ್ಸ್ ಹೇಳಿದ್ದು. ನಿಮ್ಮ ಯೋಜನೆಯಲ್ಲಿ ಇದಕ್ಕೆ ಏನಿದೆ?

ಆಶಾ_ಪೊನ್ನಂಪೇಟೆ

ಅಣ್ಣ, ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ನಮ್ಮ ಕಡೆಯ ಇನ್ನೊಂದು ಮುಖವೂ ಇದೆ. ಒಬ್ಬರಿಗೆ ಸೀರಿಯಸ್ ಅಂದರೆ ಶನಿವಾರ ಬೆಂಗಳೂರಿನಿಂದ ಮೂರು ಕಾರು ಬರುತ್ತದೆ. ಇಪ್ಪತ್ತು ಜನ ಒಂದೇ ಕೋಣೆಯಲ್ಲಿ, ಮಾಸ್ಕ್ ಗದ್ದದ ಕೆಳಗೆ. ‘ನಮ್ಮ ಅಜ್ಜಿ ಕಣಮ್ಮ, ನೀನ್ಯಾರು ಕೇಳೋಕೆ’ ಅನ್ನುತ್ತಾರೆ. ಸೋಮವಾರ ಅವರು ವಾಪಸ್, ಸೋಂಕು ಇಲ್ಲೇ.

ಬೆಂಗಳೂರಲ್ಲಿರೋ_ಮಗ

ಇಪ್ಪತ್ತು ಜನ ನಾನು ಕೇಳಲಿಲ್ಲ. ಒಬ್ಬನನ್ನು ಬಿಡಿ ಅಂದೆ.

ಸಿಸ್ಟರ್_ವಿರಾಜಪೇಟೆ

ಇಬ್ಬರೂ ಹೇಳುತ್ತಿರುವುದು ಸರಿ. ಹಾಗಾಗಿಯೇ ‘ಭೇಟಿ ಇಲ್ಲ’ ಅನ್ನುವ ಬೋರ್ಡು ನಾವು ಹಾಕುವುದಿಲ್ಲ. ಇಂಗ್ಲೆಂಡಿನಲ್ಲಿ ಆಸ್ಪತ್ರೆಗಳೆಲ್ಲ ಮುಚ್ಚಿಕೊಂಡಿದ್ದಾಗಲೂ, ಕೊನೆ ಗಳಿಗೆಯಲ್ಲಿ ಇರುವವರನ್ನು ಹತ್ತಿರದವರು ನೋಡಲು ಬಿಡಬೇಕು ಅಂತ 2020ರ ಏಪ್ರಿಲ್‌ನಲ್ಲೇ ಅಲ್ಲಿನ ಸರ್ಕಾರ ಹೇಳಿತ್ತು.

ನಾವು ಬರೆದಿರುವುದು ಹೀಗೆ. ಪ್ರತಿ ರೋಗಿಗೂ ಹೆಸರು ಹಾಕಿದ ಒಬ್ಬರು. ಆ ಒಬ್ಬರು ಯಾರು ಅಂತ ರೋಗಿಯೇ ಹೇಳಬೇಕು. ದೊಡ್ಡಪ್ಪನೋ, ತೋಟದ ಯಜಮಾನರೋ ತೀರ್ಮಾನ ಮಾಡುವುದಲ್ಲ. ಜ್ವರ ಕೆಮ್ಮು ಇರಬಾರದು, ಒಳ್ಳೆಯ ಮಾಸ್ಕ್ ನಾವೇ ಕೊಡುತ್ತೇವೆ, ಕಿಟಕಿ ತೆರೆದಿರಬೇಕು. ಕೈ ಹಿಡಿಯಬಹುದು. ಮೊದಲು, ಆಮೇಲೆ ಕೈ ತೊಳೆದರೆ ಆಯಿತು. ಉಳಿದವರು ಜಗಲಿಯಿಂದ, ಕಿಟಕಿಯಿಂದ ನೋಡಿ ಮಾತಾಡಲಿ. ಇನ್ನೆರಡು ದಿನ ಅಂತ ನಮಗೆ ಅನ್ನಿಸಿದಾಗ ಸರದಿಯಲ್ಲಿ ಇನ್ನೂ ಕೆಲವರು.

ಕಿವಿ ಮಂದ ಇರುವವರ ವಿಷಯ ನಮ್ಮ ಪಟ್ಟಿಯಲ್ಲಿ ಇರಲಿಲ್ಲ. ಹಾಕುತ್ತೇನೆ. ಮಾಸ್ಕ್ ಹಾಕಿದರೆ ತುಟಿ ಕಾಣುವುದಿಲ್ಲ, ಅವರಿಗೆ ಅರ್ಧ ಮಾತು ಅಲ್ಲೇ ಹೋಗುತ್ತದೆ. ಸ್ಲೇಟು, ದಪ್ಪ ಅಕ್ಷರದ ಚೀಟಿ ಸಾಕಾಗುತ್ತದೆ. ಹಾಡಿಗಳಲ್ಲಿ ಓದಲು ಬಾರದ ಅಜ್ಜಿಯರಿಗೆ ಕಿಟ್ ಹಾಕಿದವರನ್ನು ಕಂಡರೇ ಭಯ. ಗೌನಿನ ಮೇಲೆ ನಮ್ಮ ನಗುವ ಫೋಟೋ ಅಂಟಿಸಿಕೊಂಡು ಹೋದಮೇಲೆ ‘ಓ, ನೀನಾ’ ಅಂದರು. ಅವರ ಮಾತು ಬಲ್ಲ ಹುಡುಗಿ ಜೊತೆಗಿದ್ದರೆ ಇನ್ನೂ ಒಳ್ಳೆಯದು.

ಒಕ್ಕದ_ಹಿರಿಯ

ಸಾವಿನ ನಂತರದ್ದನ್ನೂ ಸೇರಿಸಿ. ನಮ್ಮ ಕೊಡವರಲ್ಲಿ ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವುದು ರೂಢಿ. ಗುಂಡಿನ ಸದ್ದು ಕೇಳಿದ ಮೇಲೆ ಬರಬೇಡಿ ಅಂದರೆ ಜನಕ್ಕೆ ಹೇಗೆ ಆಗುತ್ತದೆ? ಕೋವಿಡ್ ಸಮಯದಲ್ಲಿ ಮುಖ ಕೂಡ ತೋರಿಸಲಿಲ್ಲ ಅಂತ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಸಂಕಟ ಇದೆ.

ನಿವೃತ್ತ_ಡಾಕ್ಟರ್_ಮಡಿಕೇರಿ

ಮುಖ ತೋರಿಸಬಾರದು ಅಂತ ನಿಯಮವೇ ಇರಲಿಲ್ಲ. ಕೇಂದ್ರ ಆರೋಗ್ಯ ಸಚಿವಾಲಯ 2020ರ ಮಾರ್ಚ್‌ನಲ್ಲಿ ಕೊಟ್ಟ ಸೂಚನೆಯಲ್ಲಿ, ಸಿಬ್ಬಂದಿ ಚೀಲದ ಜಿಪ್ ತೆಗೆದು ಮನೆಯವರಿಗೆ ಕೊನೆ ಬಾರಿ ಮುಖ ತೋರಿಸಬಹುದು ಅಂತಲೇ ಇತ್ತು. ಮಂತ್ರ ಓದುವುದು, ತೀರ್ಥ ಚಿಮುಕಿಸುವುದು, ದೇಹ ಮುಟ್ಟದೆ ಮಾಡುವ ಯಾವ ವಿಧಿಯಾದರೂ ಸರಿ. ಸ್ನಾನ ಮಾಡಿಸುವುದು, ಅಪ್ಪಿಕೊಳ್ಳುವುದು ಬೇಡ. ಬೂದಿಯಿಂದ ಅಪಾಯ ಇಲ್ಲ, ಸಂಗ್ರಹಿಸಬಹುದು. ಇಷ್ಟೂ ಬರೆದಿತ್ತು. ಕೆಳಗಿನವರು ಹೆದರಿ ಜಿಪ್ ಮುಟ್ಟಲಿಲ್ಲ. ಹೊಸ ರೋಗಕ್ಕೆ ಹೊಸ ಸೂಚನೆ ಬರುತ್ತದೆ, ಅದನ್ನು ಪೂರ್ತಿ ಓದಿ ಹೇಳುವವರು ತಂಡದಲ್ಲಿ ಒಬ್ಬರಿರಲಿ.

ನೈಟ್‌ಡ್ಯೂಟಿ

ನಾನೂ ನರ್ಸ್, ಈಗ ಕೆಲಸ ಬಿಟ್ಟಿದ್ದೇನೆ. ನೀವೆಲ್ಲ ಸಾಮಾನಿನ ಬಗ್ಗೆ ಮಾತಾಡುತ್ತಿದ್ದೀರಿ. ನಮ್ಮನ್ನು ಒಡೆದದ್ದು ಸಾಮಾನಿನ ಕೊರತೆ ಅಲ್ಲ. ವಾರದಲ್ಲಿ ನಾಲ್ಕು ಸಾವು ನೋಡಿ ರೂಮಿಗೆ ಬಂದರೆ ಮನೆ ಓನರ್ ಬಾಗಿಲಲ್ಲೇ ನಿಂತು, ಖಾಲಿ ಮಾಡಿ ಅಂದರು. ಅಂಥ ಕಿರುಕುಳ ಕೊಟ್ಟವರಿಗೆ ಶಿಕ್ಷೆ ಅಂತ 2020ರ ಏಪ್ರಿಲ್ 22ಕ್ಕೇ ಸುಗ್ರೀವಾಜ್ಞೆ ಬಂದಿತ್ತು. ಇರಬಹುದು. ರಾತ್ರಿ ಹತ್ತು ಗಂಟೆಗೆ ಬ್ಯಾಗ್ ಹಿಡಿದುಕೊಂಡು ಸ್ಟೇಷನ್‌ಗೆ ಹೋಗಿ ಕಾಯ್ದೆ ಓದಿ ಹೇಳಲು ಯಾರಿಗೆ ತ್ರಾಣ ಇರುತ್ತದೆ?

ಅತ್ತರೆ ಮಾಸ್ಕ್ ಒದ್ದೆ ಆಗುತ್ತದೆ ಅಂತ ಅಳುವುದನ್ನೂ ನಿಲ್ಲಿಸಿದ್ದೆವು.

ತೋಟದಮನೆ_ಸಿದ್ದಾಪುರ

ಲಾಕ್‌ಡೌನ್‌ನಲ್ಲಿ ಹೋಂಸ್ಟೇಗಳೆಲ್ಲ ಖಾಲಿ ಬಿದ್ದಿದ್ದವು. ನಮ್ಮದೂ. ಮುಂದಿನ ಸಲ ನರ್ಸ್‌ಗಳಿಗೆ ಉಳಿಯಲು ಎರಡು ರೂಮು ಕೊಡುತ್ತೇನೆ, ಬಿಸಿನೀರು ಊಟ ಸಮೇತ. ಬರೆದುಕೊಳ್ಳಿ. ಬೇರೆ ಹೋಂಸ್ಟೇಯವರನ್ನೂ ಕೇಳುತ್ತೇನೆ.

ಸಿಸ್ಟರ್_ವಿರಾಜಪೇಟೆ

ಬರೆದುಕೊಂಡೆ ಅಣ್ಣ, ಆಮೇಲೆ ಇಲ್ಲ ಅನ್ನಬಾರದು.

ನೈಟ್‌ಡ್ಯೂಟಿ ಅಕ್ಕ, ನಾವು ತಂಡವನ್ನು ಎರಡು ಭಾಗ ಮಾಡಿ, ಒಂದು ಭಾಗದವರು ಇನ್ನೊಂದನ್ನು ಭೇಟಿಯಾಗದ ಹಾಗೆ ಸರದಿ ಹಾಕುತ್ತೇವೆ. ಒಂದು ಮಲಗಿದರೆ ಇನ್ನೊಂದು ಇರುತ್ತದೆ. ದಿನದ ಕೊನೆಗೆ ಹದಿನೈದು ನಿಮಿಷ ಫೋನ್, ಕೆಲಸದ ವರದಿಗೆ ಅಲ್ಲ, ಸುಮ್ನೆ ಮಾತಿಗೆ. ಯಾರಾದರೂ ತೀರಿಕೊಂಡ ದಿನ ಅವರನ್ನು ನೋಡಿಕೊಂಡವರಿಗೆ ಮಾರನೆಯ ದಿನ ಹೊಸ ಮನೆ ಇಲ್ಲ. ರಾತ್ರಿ ಯಾರೂ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೂ ಮಾತಾಡುತ್ತಾರೆ. ನೆಟ್‌ವರ್ಕ್ ಇದ್ದರೆ ಅಂತ ಸೇರಿಸಬೇಕು, ನಮ್ಮ ಜಿಲ್ಲೆ ಅಲ್ವಾ.

ಅತ್ತೆಯನ್ನು_ನೋಡಿಕೊಂಡವಳು

ಇದುವರೆಗೆ ಓದುತ್ತಾ ಬಂದೆ. ಡಾಕ್ಟರ್, ನರ್ಸ್, ಆಶಾ, ರೋಗಿ, ನೆಂಟರು ಎಲ್ಲರೂ ಇದ್ದಾರೆ. ನಾನು ಎಲ್ಲಿ?

ಅತ್ತೆಗೆ ಗರ್ಭಕೋಶದ ಕ್ಯಾನ್ಸರ್. ಬಟ್ಟೆ ಬದಲಾಯಿಸುವುದು, ಮಗ್ಗುಲು ತಿರುಗಿಸುವುದು, ಹುಣ್ಣು ತೊಳೆಯುವುದು, ಗಂಜಿ ಕುಡಿಸುವುದು ಎಲ್ಲ ನಾನೇ. ನರ್ಸ್ ಬರುತ್ತಿದ್ದದ್ದು ವಾರಕ್ಕೊಮ್ಮೆ, ಆಮೇಲೆ ಅದೂ ನಿಂತು ಫೋನ್. ಎನ್95 ಹಾಕಿಕೊಂಡು ನರ್ಸ್ ಅರ್ಧ ಗಂಟೆ ಇರುತ್ತಿದ್ದರು. ಇಪ್ಪತ್ತನಾಲ್ಕು ಗಂಟೆ ಅಲ್ಲೇ ಇದ್ದ ನನಗೆ ಬಟ್ಟೆಯ ಮಾಸ್ಕು. ಲಸಿಕೆ 2021ರ ಜನವರಿ 16ಕ್ಕೆ ಆಸ್ಪತ್ರೆಯವರಿಗೆ ಶುರುವಾಯಿತು, ಮಾರ್ಚ್ 1ಕ್ಕೆ 60 ದಾಟಿದವರಿಗೆ. ಅತ್ತೆಗೆ 71. ಆದರೆ ಕೇಂದ್ರಕ್ಕೆ ಎತ್ತಿಕೊಂಡು ಹೋಗಲು ಆಗಲಿಲ್ಲ. ಹಾಸಿಗೆ ಹಿಡಿದವರಿಗೆ ಮನೆಗೇ ಹೋಗಿ ಕೊಡಿ ಅಂತ ಕೇಂದ್ರ ಸರ್ಕಾರ ಹೇಳಿದ್ದು ಸೆಪ್ಟೆಂಬರ್‌ನಲ್ಲಿ. ಅಷ್ಟರಲ್ಲಿ ಅವರು ಹೋಗಿದ್ದರು. ನನಗೆ 33, ಆರೈಕೆ ಮಾಡುವವಳು ಅಂತ ಬೇರೆ ಸಾಲು ಇರಲಿಲ್ಲ, ಮೇ ತಿಂಗಳವರೆಗೆ ಕಾಯಬೇಕಾಯಿತು.

ನನಗೇ ಜ್ವರ ಬಂದಾಗ ಅತ್ತೆಯನ್ನು ಯಾರಿಗೆ ಒಪ್ಪಿಸಬೇಕಿತ್ತು? ಗಂಡ ಬಾಗಿಲಲ್ಲೇ ನಿಂತಿದ್ದರು, ತಿರುಗಿಸುವುದು ಹೇಗೆ ಅಂತ ಗೊತ್ತಿರಲಿಲ್ಲ. ಜ್ವರದಲ್ಲೇ ನಾನೇ ಎದ್ದು ಮಾಡಿದೆ.

ಸಿಸ್ಟರ್_ವಿರಾಜಪೇಟೆ

ಅಕ್ಕ, ನಾವು ಈವರೆಗೆ ಬರೆದ ಪುಟಗಳಲ್ಲಿ ನಿಮ್ಮ ಸಾಲು ಇಲ್ಲ. ಮೊದಲ ಪುಟಕ್ಕೆ ಅದೇ ಹೋಗುತ್ತದೆ.

ಪ್ರತಿ ಮನೆಗೂ ‘ಎರಡನೆಯವರು’ ಒಬ್ಬರು ಬೇಕು. ನೋಡಿಕೊಳ್ಳುವವರು ಮಲಗಿದರೆ ಬಂದು ನಿಲ್ಲುವವರು. ಗಂಡಸರಾದರೂ ಸರಿ, ಪಕ್ಕದ ಲೈನಿನವರಾದರೂ ಸರಿ. ಮಗ್ಗುಲು ತಿರುಗಿಸುವುದು, ಬಾಯಿ ಶುಚಿ ಮಾಡುವುದು, ಹುಣ್ಣಿನ ಡ್ರೆಸಿಂಗ್, ಮಾತ್ರೆಯ ಹೊತ್ತು, ಮಾಸ್ಕ್ ಗ್ಲೌಸ್ ಬಿಚ್ಚುವುದು, ಇಷ್ಟನ್ನು ಸಾಂಕ್ರಾಮಿಕ ಬರುವ ಮೊದಲೇ ಕಲಿಸಬೇಕು. ಕೇರಳದಲ್ಲಿ 2008ರಿಂದಲೇ ಪ್ಯಾಲಿಯೇಟಿವ್ ನೀತಿ ಇದೆ, ಪಂಚಾಯಿತಿ ನರ್ಸ್ ಜೊತೆ ಊರಿನ ಸ್ವಯಂಸೇವಕರೂ ಮನೆಗೆ ಹೋಗುತ್ತಾರೆ. ಮಾಕುಟ್ಟ ದಾಟಿದರೆ ಸಾಕು, ಕಾಣುತ್ತದೆ. ಜೊತೆಗೆ, ನಮಗೆ ಬಂದ ಎನ್95 ದಾಸ್ತಾನಿನಲ್ಲಿ ಮನೆಯವರದ್ದೂ ಒಂದು ಪಾಲು. ಲಸಿಕೆಯ ಪಟ್ಟಿ ಕೇಳಿದಾಗ ನಮ್ಮ ಹೆಸರಿನ ಪಕ್ಕದಲ್ಲೇ ಅವರ ಹೆಸರು ಕಳಿಸುತ್ತೇವೆ. ತೆಗೆದುಹಾಕಿದರೆ ತೆಗೆದವರು ಕಾರಣ ಹೇಳಲಿ.

ಮಳೆ ಹಿಡಿಯುವ ಮೊದಲು, ಮೇ ಒಳಗೆ, ಮೊದಲ ತರಬೇತಿ ಮಾಡೋಣ ಅಂತಿದ್ದೇವೆ. 2020ರ ಆಗಸ್ಟಿನಲ್ಲಿ ತಲಕಾವೇರಿಯಲ್ಲಿ ಬೆಟ್ಟ ಕುಸಿದಾಗ ಕೋವಿಡ್ ಕೂಡ ಇತ್ತು ಅನ್ನುವುದು ನೆನಪಿರಲಿ. ಎರಡೂ ಒಟ್ಟಿಗೆ ಬರುತ್ತವೆ. ಯಾರು ಬರುತ್ತೀರಿ?

ತೋಟದಮನೆ_ಸಿದ್ದಾಪುರ

ನಮ್ಮ ಲೈನಿನಿಂದ ಇಬ್ಬರು ಹೆಂಗಸರನ್ನು, ನಮ್ಮ ತೋಟದ ಲೆಕ್ಕ ನೋಡುವ ರೈಟರನ್ನೂ ಕಳಿಸುತ್ತೇನೆ. ಭಾನುವಾರ ಇಟ್ಟುಕೊಳ್ಳಿ.

ಆಶಾ_ಪೊನ್ನಂಪೇಟೆ

ಭಾನುವಾರ ಬೇಡ ಅಣ್ಣ. ಅವರಿಗೆ ವಾರದಲ್ಲಿ ರಜೆ ಇರುವುದು, ಸಾಮಾನು ತರುವುದು ಅವತ್ತೊಂದೇ ದಿನ. ವಾರದ ದಿನ ಇಟ್ಟು, ಆ ದಿನದ ಕೂಲಿ ನೀವೇ ಕೊಡಿ.

ತೋಟದಮನೆ_ಸಿದ್ದಾಪುರ

ಸರಿ. ಕೊಡುತ್ತೇನೆ.

ಅತ್ತೆಯನ್ನು_ನೋಡಿಕೊಂಡವಳು

ಮಗ್ಗುಲು ತಿರುಗಿಸುವುದು ನಾನು ಕಲಿಸುತ್ತೇನೆ. ಬರುವವರು ಗಂಡಂದಿರನ್ನೂ ಕರೆದುಕೊಂಡು ಬನ್ನಿ.